ಕೊತ್ತಂಬರಿ ಹೂವಲ್ಲಿದ್ದಾಗ ಪಂಪು ಕೆಳಗಿಡಿ

ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳ್ತೀನಿ. ಕೊತ್ತಂಬರಿಯನ್ನ ಬೀಜಕ್ಕೆ ಅಂತ ಬಿತ್ತಿರೋರು, ಬಿತ್ತಬೇಕು ಅಂತಿರೋರು ಪೂರ್ತಿ ಓದಿ. ಸೊಪ್ಪಿಗೆ ಮಾತ್ರ ಬೆಳೆಯೋರಿಗೆ ಇದು ಅಷ್ಟು ಬೇಕಾಗಲ್ಲ, ಯಾಕಂದ್ರೆ ಹೂವು ಬಿಡೋ ಮೊದಲೇ ನಿಮ್ಮ ಬೆಳೆ ಮಾರ್ಕೆಟ್ ಸೇರಿರುತ್ತೆ.

ನಮ್ಮ ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ತುಂಗಾ ಸೇತುವೆ ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆ ಹೊರಟರೆ ಸಿಗುತ್ತಲ್ಲ, ಅದೇ. ಹೊಲ ಇರೋದು ಅದೇ ರಸ್ತೆಯಲ್ಲಿ ಮಲವಗೊಪ್ಪ ದಾಟಿ ಒಳಗೆ ಹೋದರೆ. ಎರಡು ಎಕರೆ, ಕಪ್ಪು ಮಣ್ಣಿನ ತುಂಡು. ಮಳೆಗಾಲದಲ್ಲಿ ಮೆಕ್ಕೆಜೋಳ ಹಾಕ್ತೀವಿ. ತೆನೆ ಮುರಿದ ಮೇಲೆ ಭೂಮಿಯಲ್ಲಿ ಉಳಿದ ತೇವಕ್ಕೇ ಕೊತ್ತಂಬರಿ ಬಿತ್ತೋದು. ಸುತ್ತ ಅಡಿಕೆ ತೋಟ, ಗದ್ದೆ. ಕೊತ್ತಂಬರಿ ಬೀಜ ಅಂದ್ರೆ ಗದಗ, ಧಾರವಾಡ, ಚಿತ್ರದುರ್ಗದ ಕಪ್ಪು ಭೂಮಿಯವರ ಬೆಳೆ ಅನ್ನೋ ಮಾತಿದೆ, ನಿಜವೂ ಹೌದು. ಆದ್ರೆ ನೀರು ಕಮ್ಮಿ, ಆಳು ಕಮ್ಮಿ, ಮನೆ ಖರ್ಚಿಗೂ ಆಗುತ್ತೆ, ಉಳಿದದ್ದು ಮಾರಬಹುದು ಅಂತ ಅಪ್ಪ ಮೊದಲಿಂದಲೂ ಬಿಟ್ಟಿಲ್ಲ.

ಆ ಬೆಳಿಗ್ಗೆ ಮಾಡಿದ್ದು

ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆ. ಬಿತ್ತಿ ಸುಮಾರು 55 ದಿನ ಆಗಿತ್ತು. ಹೊಲ ಪೂರ್ತಿ ಬಿಳಿ, ಅಲ್ಲಲ್ಲಿ ತಿಳಿ ಗುಲಾಬಿ. ಹತ್ತಿರ ಹೋಗಿ ನೋಡಿದರೆ ಹೂವಿನ ಕಡ್ಡಿಗಳಿಗೆಲ್ಲ ಸಸ್ಯಹೇನು ಮುತ್ತಿಕೊಂಡಿತ್ತು. ಮುಟ್ಟಿದರೆ ಕೈಗೆ ಅಂಟಂಟು. ಎದೆ ಧಸಕ್ ಅಂತು. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಆರು ಉತ್ತರ ಬಂತು, ಆರೂ ಬಾಟಲಿಯ ಹೆಸರು. 'ಹೂವಲ್ಲಿದೆಯಾ?' ಅಂತ ಒಬ್ಬರೂ ಕೇಳಲಿಲ್ಲ. ಕೇಳೋದೇನು, ಫೋಟೋದಲ್ಲೇ ಕಾಣ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬನಿ ಆರಲಿ ಅಂತ ಕಾದೆ. ಹತ್ತು ಗಂಟೆಗೆ ಬ್ಯಾಟರಿ ಪಂಪು ಬೆನ್ನಿಗೇರಿಸಿದೆ. ಹೇನಿಗೆ ಅಂತ ಗಿಡದೊಳಗೆ ಇಳಿಯೋ ಕೀಟನಾಶಕ, ಬೂದಿರೋಗಕ್ಕೆ ಅಂತ ಇನ್ನೊಂದು, ಎರಡನ್ನೂ ಒಂದೇ ಟ್ಯಾಂಕಿಗೆ ಹಾಕಿದ್ದೆ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಎರಡೆಕರೆ ಮುಗೀತು. ಹೊಡೀತಾ ಹೋಗುವಾಗ ಕಾಲಡಿ, ಕಿವಿ ಹತ್ತಿರ ಜೇನು ಗುಂಯ್ ಅಂತಿದ್ದವು. ಅದನ್ನ ಕೇಳಿಸಿಕೊಂಡೇ ಹೊಡೆದೆ. ಈಗ ನೆನೆಸಿಕೊಂಡರೆ ಬೇಜಾರಾಗೋದು ಅದೇ.

ಮೂರನೇ ದಿನ ಪಕ್ಕದ ಅಡಿಕೆ ತೋಟದ ಅಜ್ಜ ಬಂದ್ರು. ಅವರ ತೋಟದಲ್ಲಿ ನಾಲ್ಕು ಪೆಟ್ಟಿಗೆ ತುಡುವೆ ಜೇನು ಇತ್ತು. ಟವೆಲ್ಲಿನ ತುದಿ ಬಿಚ್ಚಿ ತೋರಿಸಿದರು. ಒಂದು ಹಿಡಿ ಸತ್ತ ಜೇನು. ಎಷ್ಟೋ ಹುಳುಗಳ ನಾಲಗೆ ಹೊರಗೆ ಚಾಚಿಕೊಂಡಿತ್ತು. ವಿಷ ತಾಗಿ ಸತ್ತ ಜೇನಿನ ಗುರುತು ಅದು ಅಂತ ನನಗೆ ಆಮೇಲೆ ಗೊತ್ತಾಯ್ತು. ಅಜ್ಜ ಬೈಯಲಿಲ್ಲ.

"ತಮ್ಮಾ, ಹಿಂದಿನ ದಿನ ಒಂದು ಮಾತು ಹೇಳಿದ್ರೆ ಸಂಜೆಗೇ ಪೆಟ್ಟಿಗೆ ಬಾಗ್ಲು ಮುಚ್ತಿದ್ದೆ" ಅಂದ್ರು. ಅಷ್ಟೇ.

ಆ ನಾಲ್ಕರಲ್ಲಿ ಎರಡು ಪೆಟ್ಟಿಗೆ ಆ ಬೇಸಿಗೆ ದಾಟಲಿಲ್ಲ. ಅಜ್ಜನ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನ ದೊಡ್ಡ ಮಟ್ಟದಲ್ಲಿ ಅಳಿಸಿ ಹಾಕಿತ್ತಲ್ಲ, ಆಗ ಅವರ ಪೆಟ್ಟಿಗೆಗಳೂ ಖಾಲಿಯಾಗಿದ್ದವಂತೆ. ಮತ್ತೆ ಕಾಡಂಚಿಂದ ಒಂದೊಂದೇ ಕುಟುಂಬ ಹಿಡಿದು ತಂದು ಕಟ್ಟಿಕೊಂಡಿದ್ದು. ರೋಗದಿಂದ ಉಳಿಸಿಕೊಂಡಿದ್ದನ್ನ ನಾನು ಒಂದು ಬೆಳಿಗ್ಗೆಯಲ್ಲಿ ಅರ್ಧ ಮಾಡಿದೆ.

ಇನ್ನು ನಮ್ಮ ಹೊಲದ ಕತೆ. ಗಿಡ ನೋಡೋಕೆ ಚೆನ್ನಾಗೇ ಇತ್ತು. ಹೇನು ಹೋಯ್ತು, ಎಲೆ ಹಸಿರು, ಅಪ್ಪನಿಗೂ ಸಮಾಧಾನ. ಕಣದಲ್ಲಿ ಬಡಿದು ತೂರೋವಾಗ ಗೊತ್ತಾಯ್ತು. ಹೊಟ್ಟಿನ ಜೊತೆ ಕಾಳೂ ಹಾರಿ ಹೋಗ್ತಿತ್ತು, ಅಷ್ಟು ಜೊಳ್ಳು. ಕೈಯಲ್ಲಿ ಹಿಡಿದು ನೋಡಿದರೆ ಎಷ್ಟೋ ಕಾಳು ಒಂದು ಬದಿ ಗುಂಡಗೆ, ಇನ್ನೊಂದು ಬದಿ ಚಪ್ಪಟೆ. ಎರಡೆಕರೆಗೆ ಐದು ಕ್ವಿಂಟಾಲ್ ಆಸೆ ಇತ್ತು, ಮೂರೂ ಆಗಲಿಲ್ಲ.

ಎಲ್ಲ ತಪ್ಪನ್ನೂ ಪಂಪಿನ ಮೇಲೆ ಹಾಕೋದು ಸರಿಯಲ್ಲ ಅಂತಾನೂ ಹೇಳಿಬಿಡ್ತೀನಿ. ಆ ವರ್ಷ ಹೂವಿನ ಹೊತ್ತಲ್ಲಿ ಮಂಜು, ಮೋಡ ಜಾಸ್ತಿ ಇತ್ತು. ಕೊನೆಗೆ ಭೂಮಿಯ ತೇವವೂ ಬೇಗ ಆರಿತು. ಕಾಳು ಸೊರಗೋಕೆ ಅವೂ ಕಾರಣವೇ. ಆದ್ರೆ ಆ ಒಂದು ಬದಿ ಚಪ್ಪಟೆ ಕಾಳು ನನ್ನ ತಲೆಯಿಂದ ಹೋಗಲಿಲ್ಲ.

ಒಂದು ಛತ್ರಿಯೊಳಗೆ ಏನಾಗುತ್ತೆ

ಕೊತ್ತಂಬರಿ ಬಿತ್ತೋ ಮೊದಲು ಬೀಜವನ್ನ ನೆಲಕ್ಕೆ ಹಾಕಿ ಉಜ್ಜಿ ಎರಡು ಹೋಳು ಮಾಡ್ತೀವಿ, ಅಲ್ವಾ? ಅಮ್ಮ ಚಪ್ಪಲಿ ಕಾಲಲ್ಲೇ ಉಜ್ಜೋಳು. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನಾವು 'ಒಂದು ಬೀಜ' ಅನ್ನೋದು ನಿಜವಾಗಿ ಒಂದು ಕಾಯಿ. ಅದರೊಳಗೆ ಬೆನ್ನಿಗೆ ಬೆನ್ನು ತಾಗಿಸಿ ಕೂತ ಎರಡು ಬೀಜ ಇರ್ತವೆ. ಹೂವಿನ ತಳದಲ್ಲಿ ಎರಡು ಕೋಣೆ, ಕೋಣೆಗೊಂದು ಬೀಜ. ಎರಡಕ್ಕೂ ಪರಾಗ ಮುಟ್ಟಿದರೆ ಕಾಯಿ ಗುಂಡಗಾಗುತ್ತೆ. ಒಂದಕ್ಕೆ ಮಾತ್ರ ಮುಟ್ಟಿದರೆ ಇನ್ನೊಂದು ಬದಿ ಸೊರಗುತ್ತೆ. ಎರಡಕ್ಕೂ ಮುಟ್ಟದಿದ್ದರೆ ಹೂವು ಸುಮ್ಮನೆ ಉದುರಿ ಹೋಗುತ್ತೆ.

ಹಾಗಾದ್ರೆ ಪರಾಗ ಮುಟ್ಟಿಸೋರು ಯಾರು? ಒಂದೇ ಹೂವಲ್ಲಿ ಗಂಡು ಭಾಗವೂ ಇದೆ, ಹೆಣ್ಣು ಭಾಗವೂ ಇದೆ, ತನಗೆ ತಾನೇ ಆಗಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮೊಬೈಲ್ ಕ್ಯಾಮೆರಾಗೆ ಸಿಕ್ಕಿಸೋ ಸಣ್ಣ ಮ್ಯಾಕ್ರೋ ಲೆನ್ಸ್ ಹಾಕಿ ಒಂದೇ ಛತ್ರಿಯನ್ನ ದಿನಾ ಬೆಳಿಗ್ಗೆ ಫೋಟೋ ತೆಗೆದಾಗ ವಿಷಯ ಗೊತ್ತಾಯ್ತು. (ಹೂವಿನ ಗೊಂಚಲನ್ನ ನಾನು ಛತ್ರಿ ಅಂತೀನಿ. ನೋಡೋಕೆ ಹಾಗೇ ಇದೆ, ಒಂದು ದೊಡ್ಡ ಛತ್ರಿಯ ಕಡ್ಡಿಗಳ ತುದಿಯಲ್ಲಿ ಒಂದೊಂದು ಪುಟ್ಟ ಛತ್ರಿ.)

ಹೂವು ಬಿಚ್ಚಿದ ಕೂಡಲೇ ಹೊರಗೆ ಬರೋದು ಐದು ಪರಾಗದ ಕಡ್ಡಿ, ಒಂದರ ಹಿಂದೆ ಒಂದು. ಅವು ಪರಾಗ ಉದುರಿಸಿ ಒಣಗೋವರೆಗೂ ನಡುವಿನ ಹೆಣ್ಣು ಭಾಗ ತಯಾರಾಗಿರಲ್ಲ. ಎರಡು ಗಿಡ್ಡ ಮೊಳೆ ಥರ ಮುಚ್ಚಿಕೊಂಡಿರುತ್ತೆ. ಕೆಲವು ದಿನ ಬಿಟ್ಟು ಆ ಎರಡೂ ಉದ್ದವಾಗಿ, ಬಸವನಹುಳದ ಕೊಂಬಿನ ಹಾಗೆ ಆಚೆ ಈಚೆ ಬಿಚ್ಚಿಕೊಳ್ಳುತ್ತವೆ. ಪರಾಗ ಹಿಡಿಯೋ ಕಾಲ ಅದು. ಅಷ್ಟೊತ್ತಿಗೆ ಅದೇ ಹೂವಿನ ಪರಾಗ ಮುಗಿದಿರುತ್ತೆ. ಒಂದು ಛತ್ರಿಯ ಹೂವುಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಈ ಹಂತ ದಾಟೋದರಿಂದ, ಬೇಕಾದ ಪರಾಗ ಬೇರೆ ಛತ್ರಿಯಿಂದ, ಬೇರೆ ಗಿಡದಿಂದಲೇ ಬರಬೇಕು. ಪರಾಗ ಅಂಟಂಟಾಗಿರುತ್ತೆ, ಮೆಕ್ಕೆಜೋಳದ್ದರ ಹಾಗೆ ಗಾಳಿಗೆ ಪುಡಿಪುಡಿಯಾಗಿ ಹಾರಲ್ಲ. ಹೊತ್ತು ತರೋಕೆ ಕಾಲು ಬೇಕು, ಮೈಮೇಲೆ ಕೂದಲಿರೋ ಹುಳ ಬೇಕು.

ಇನ್ನೊಂದು ವಿಷಯ ಗಮನಿಸಿ. ಛತ್ರಿಯ ಅಂಚಿನ ಹೂವುಗಳು ಮೊದಲು ಬಿಚ್ಚುತ್ತವೆ, ನಡುವಿನವು ಕೊನೆಗೆ. ಅಂಚಿನ ಹೂವಿಗೆ ಹೊರಗಡೆಯ ಎಸಳು ದೊಡ್ಡದು, ಒಳಗಡೆಯದು ಚಿಕ್ಕದು. ದೂರದಿಂದ ಹಾರಿ ಬರೋ ಹುಳಕ್ಕೆ ಕಾಣಲಿ ಅಂತ ಹಾಕಿದ ಬೋರ್ಡಿನ ಹಾಗೆ. ನಡುವಿನ ಹೂವುಗಳಲ್ಲಿ ಎಷ್ಟೋ ಬರೀ ಗಂಡು, ಅವು ಕಾಯಿ ಕಟ್ಟೋದೇ ಇಲ್ಲ. ಹಾಗೆಯೇ ಗಿಡದ ನಡುಕಾಂಡದ ತುದಿಯ ಛತ್ರಿ ಮೊದಲು ಅರಳುತ್ತೆ, ಆಮೇಲೆ ಕೊಂಬೆಗಳದ್ದು, ಆಮೇಲೆ ಮರಿಕೊಂಬೆಗಳದ್ದು. ಕೊನೆ ಕೊನೆಯ ಛತ್ರಿಗಳಲ್ಲಿ ಗಂಡು ಹೂವೇ ಜಾಸ್ತಿ. ನೆಲದ ತೇವ ಆರಿ ಬಿಸಿಲು ಏರೋ ಹೊತ್ತಿಗೆ ಅವು ಬರೋದು, ಹಾಗಾಗಿ ಕಾಳೂ ಸಣ್ಣ.

ಅಂದ್ರೆ ನಮ್ಮ ಒಳ್ಳೆಯ ಕಾಳಿನ ಬಹುಪಾಲು ಮೊದಲೆರಡು ಸುತ್ತಿನ ಹೂವಿನಿಂದ ಬರಬೇಕು. ಆ ಎರಡು ಮೂರು ವಾರ ಹುಳ ಬರದಿದ್ದರೆ ಆಮೇಲೆ ಎಷ್ಟು ಹೂವು ಬಿಟ್ಟರೂ ಲೆಕ್ಕ ಸರಿಹೋಗಲ್ಲ. ನಾನು ಔಷಧಿ ಹೊಡೆದದ್ದು ಸರಿಯಾಗಿ ಆ ಮೊದಲ ವಾರದಲ್ಲಿ, ಸರಿಯಾಗಿ ಬೆಳಿಗ್ಗೆ ಹತ್ತಕ್ಕೆ.

ಯಾರ್ಯಾರು ಬರ್ತಾರೆ

ಜೇನು ಅಂದ್ರೆ ಒಂದೇ ಅಂದುಕೊಂಡಿದ್ದೆ. ಕೂತು ನೋಡಿದರೆ ದೊಡ್ಡ ಜಾತ್ರೆ.

ಚಳಿಯ ಬೆಳಿಗ್ಗೆ ಮೊದಲು ಬರೋದು ತುಡುವೆ, ಅಜ್ಜನ ಪೆಟ್ಟಿಗೆಯದ್ದು. ಸ್ವಲ್ಪ ತಂಪಿದ್ದರೂ ಅದು ಕೆಲಸಕ್ಕೆ ಇಳಿಯುತ್ತೆ. ಬಿಸಿಲು ಬಲಿತ ಮೇಲೆ ಕೋಲುಜೇನು, ಸಣ್ಣದು, ಹೊಟ್ಟೆಯ ಬುಡ ಕೆಂಪು. ಬೇಲಿ ಗಿಡದ ಒಂದು ಕಡ್ಡಿಗೆ ಅಂಗೈಯಗಲದ ತಟ್ಟಿ ಕಟ್ಟೋದು ಅದೇ. ಹೆಜ್ಜೇನು ದೂರದಿಂದ ಬರುತ್ತೆ, ಬಂದರೆ ಗುಂಪಾಗಿ ಬರುತ್ತೆ. ಅದು ಛತ್ರಿ ಮೇಲೆ ಇಳಿದರೆ ಛತ್ರಿಯೇ ಬಗ್ಗುತ್ತೆ. ಇನ್ನು ಮಿಸರಿ ಜೇನು, ಚುಚ್ಚದೇ ಇರೋದು, ಗೋಡೆ ಸಂದಿ, ಮರದ ಪೊಟರೆಯಲ್ಲಿರುತ್ತಲ್ಲ, ಅದು. ಅದರ ಹಾರಾಟ ಕೆಲವು ನೂರು ಮೀಟರಷ್ಟೇ, ಹಾಗಾಗಿ ಗೂಡು ಹೊಲದ ಹತ್ತಿರವೇ ಇರಬೇಕು.

ಕೊತ್ತಂಬರಿಯ ಮಕರಂದ ಆಳದಲ್ಲಿ ಅಡಗಿರಲ್ಲ, ಹೂವಿನ ನಡುವೆ ತಟ್ಟೆಯಲ್ಲಿಟ್ಟ ಹಾಗೆ ತೆರೆದೇ ಇರುತ್ತೆ. ಉದ್ದ ನಾಲಗೆ ಇಲ್ಲದವರಿಗೂ ಊಟ. ಅದಕ್ಕೇ ನೊಣಗಳೂ ಬರ್ತವೆ. ಅದರಲ್ಲಿ ಒಂದನ್ನ ನೀವು ಗುರುತು ಹಿಡಿಯಲೇಬೇಕು: ಸಿರ್ಫಿಡ್ ನೊಣ. ಮೈಮೇಲೆ ಹಳದಿ ಕಪ್ಪು ಪಟ್ಟೆ, ದೂರಕ್ಕೆ ಜೇನಿನ ಹಾಗೇ ಕಾಣುತ್ತೆ. ಗಾಳಿಯಲ್ಲಿ ಒಂದೇ ಕಡೆ ಹೆಲಿಕಾಪ್ಟರ್ ಥರ ನಿಂತು, ಸರಕ್ಕನೆ ಪಕ್ಕಕ್ಕೆ ಸರಿಯುತ್ತೆ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ದೊಡ್ಡ ನೊಣ ಪರಾಗ ಹೊರುತ್ತೆ, ಅದರ ಮರಿಹುಳ ಹೇನು ತಿನ್ನುತ್ತೆ. ಹೌದು, ನಾನು ಯಾವ ಹೇನಿಗೆ ಹೆದರಿ ಪಂಪು ಹೊತ್ತೆನೋ ಅದೇ ಹೇನು. ಹೇನಿನ ಗುಂಪಿನ ನಡುವೆ ಹಸಿರು ಅಥವಾ ಬೂದು ಬಣ್ಣದ, ಕಾಲಿಲ್ಲದ, ಜಿಗಣೆ ಥರದ ಸಣ್ಣ ಹುಳ ಕಂಡರೆ ಅದನ್ನ ಸಾಯಿಸಬೇಡಿ. ನಮ್ಮ ಕಡೆಯ ಸಂಬಳವಿಲ್ಲದ ಆಳು ಅದು.

ನಿಮ್ಮ ಹೊಲದಲ್ಲಿ ಎಷ್ಟು ಹುಳ ಬರ್ತಿವೆ ಅಂತ ಲೆಕ್ಕ ಹಾಕೋದು ಸುಲಭ. ಬಿಸಿಲಿರೋ ದಿನ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯೊಳಗೆ, ಒಂದು ಮೀಟರ್ ಚೌಕ ಗುರುತು ಮಾಡಿ ಫೋನಿನಲ್ಲಿ ಐದು ನಿಮಿಷ ಟೈಮರ್ ಇಡಿ. ಬಂದು ಕೂತ ಹುಳವನ್ನೆಲ್ಲ ಎಣಿಸಿ, ಜಾತಿ ಗೊತ್ತಾಗದಿದ್ದರೆ ಫೋಟೋ ತೆಗೀರಿ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಹೆಸರು ಹೇಳೋರು ಸಿಗ್ತಾರೆ. ಹೊಲದ ಅಂಚು, ನಡು, ಇನ್ನೊಂದು ಅಂಚು, ಹೀಗೆ ಮೂರು ಕಡೆ ಮಾಡಿ. ನಮ್ಮಲ್ಲಿ ಅಜ್ಜನ ತೋಟದ ಕಡೆ ಅಂಚಿಗೂ ರಸ್ತೆ ಕಡೆ ಅಂಚಿಗೂ ಬಹಳ ವ್ಯತ್ಯಾಸ ಇತ್ತು. ಇದರಿಂದ ಡಿಗ್ರಿ ಏನೂ ಬರಲ್ಲ. ಆದ್ರೆ ಐದು ನಿಮಿಷ ಹೂವಿನ ಎದುರು ಕೂತೋರು ಅದೇ ಹೂವಿನ ಮೇಲೆ ಹತ್ತು ಗಂಟೆಗೆ ಔಷಧಿ ಹೊಡೆಯೋಕೆ ಎರಡು ಸಲ ಯೋಚನೆ ಮಾಡ್ತಾರೆ.

ಟ್ಯಾಂಕಿನ ಕೆಳಗಿನ ಹೆಜ್ಜೇನು

ವಿದ್ಯಾನಗರದ ನಮ್ಮ ಬೀದಿಯ ಒಂದು ಕಟ್ಟಡದ ನೀರಿನ ಟ್ಯಾಂಕಿಗೆ ಪ್ರತಿ ವರ್ಷ ಮಳೆ ಕಳೆದ ಮೇಲೆ ಹೆಜ್ಜೇನು ಬಂದು ಕಟ್ಟುತ್ತೆ. ಹೆಜ್ಜೇನು ಒಂದೇ ಕಡೆ ಕಾಯಂ ಇರಲ್ಲ. ಹೂವಿನ ಕಾಲಕ್ಕೆ ಬರುತ್ತೆ, ಮುಗಿದ ಮೇಲೆ ತಟ್ಟಿ ಬಿಟ್ಟು ಹೋಗುತ್ತೆ. ಅದು ಹಲವು ಕಿಲೋಮೀಟರ್ ಹಾರಿ ಹೋಗಿ ಮೇವು ತರೋ ಜಾತಿ. ನಮ್ಮ ಹೊಲಕ್ಕೆ ಬರೋ ಹೆಜ್ಜೇನು ಇದೇ ತಟ್ಟಿಯದ್ದು ಅಂತ ನಾನು ಪ್ರಮಾಣ ಮಾಡಲ್ಲ, ಆದ್ರೆ ಬರಬಹುದಾದ ದೂರದಲ್ಲೇ ಇದೆ.

ಹೋದ ವರ್ಷ ನವೆಂಬರಿನಲ್ಲಿ ರಾತ್ರಿ ಹೊಗೆ ಹಾಕಿ ಸುಡೋ ಮಾತು ಬಂತು. ಹೆದರಿಕೆ ಸುಳ್ಳಲ್ಲ. ಹೆಜ್ಜೇನು ಎದ್ದರೆ ಜೀವಕ್ಕೇ ಅಪಾಯ, ಅದರ ಹತ್ತಿರ ಯಾರೂ ಶೂರತನ ತೋರಿಸಬಾರದು. ಶಾಲೆ, ಆಸ್ಪತ್ರೆ, ಜನ ಓಡಾಡೋ ಮೆಟ್ಟಿಲು ಇರೋ ಜಾಗ ಆದ್ರೆ ಗೊತ್ತಿರೋರನ್ನ ಕರೆಸಿ ಬಿಡಿಸಲೇಬೇಕು. ನಮ್ಮದು ನಾಲ್ಕನೇ ಮಹಡಿಯ ಮೇಲಿನ ಟ್ಯಾಂಕು, ಆ ಕಡೆ ಯಾರೂ ಹೋಗಲ್ಲ. ಅಪ್ಪ ಆ ಮನೆಯವರ ಹತ್ತಿರ ಹೋಗಿ, "ಬೇಸಿಗೆ ಕಳೆಯೋ ಹೊತ್ತಿಗೆ ಅವೇ ಎದ್ದು ಹೋಗ್ತವೆ, ಅಲ್ಲಿವರೆಗೆ ಟೆರೇಸಿನ ಬಾಗಿಲಿಗೆ ಬೀಗ ಹಾಕಿ, ರಾತ್ರಿ ಆ ಕಡೆ ಲೈಟ್ ಹಾಕಬೇಡಿ" ಅಂತ ಒಪ್ಪಿಸಿ ಬಂದ್ರು. ಅಪ್ಪ ಜೇನಿನ ಪರ ಮಾತಾಡಿದ್ದು ನಾನು ನೋಡಿದ್ದು ಅದೇ ಮೊದಲು.

ಈ ಸಲ ಹೇನು ಬಂದಾಗ

ಈ ಸಲ ಮೆಕ್ಕೆಜೋಳ ಮುರಿದ ಕೂಡಲೇ, ಅಕ್ಟೋಬರ್ ಮೂರನೇ ವಾರದಲ್ಲೇ ಬಿತ್ತಿದ್ದೆವು. ತಡವಾಗಿ ಬಿತ್ತಿದಷ್ಟೂ ಹೇನಿನ ಕಾಟ ಜಾಸ್ತಿ. ಯೂರಿಯಾನೂ ಕಮ್ಮಿ ಮಾಡಿದೆ, ಮೆತ್ತಗೆ ಬೆಳೆದ ಗಿಡ ಹೇನಿಗೆ ಇಷ್ಟ. ಬದುವಿನ ಮೇಲೆ ಎರಡು ಸಾಲು ಸಬ್ಬಸಿಗೆ, ಒಂದು ಸಾಲು ಸಾಸಿವೆ ಹಾಕಿದ್ದೆ. ಕೊತ್ತಂಬರಿಗಿಂತ ಮೊದಲೇ ಅಲ್ಲಿ ಹಳದಿ ಹೂವು ಬರಲಿ, ಸಿರ್ಫಿಡ್ ನೊಣ, ಗುಲಗಂಜಿ ಹುಳ ಮೊದಲೇ ಬಂದು ಬೀಡು ಬಿಡಲಿ ಅಂತ.

ಅಷ್ಟಾದರೂ ಡಿಸೆಂಬರಿನಲ್ಲಿ ಹೇನು ಬಂತು. ರಸ್ತೆ ಕಡೆಯ ಐದಾರು ಸಾಲುಗಳಲ್ಲಿ ಶುರುವಾಯ್ತು. ಅಪ್ಪ ನೋಡಿದ್ರು. "ಹೊಡ್ದು ಬಿಡಪ್ಪ. ನೋಡ್ತಾ ಕೂತರೆ ನಿನ್ನ ನೊಣ ತಿನ್ನೋಷ್ಟರಲ್ಲಿ ಹೇನು ಹೊಲಾನೇ ತಿಂದಿರುತ್ತೆ" ಅಂದ್ರು. ಅವರ ಮಾತಲ್ಲೂ ನ್ಯಾಯ ಇತ್ತು. ಹಿಂದಿನ ನಷ್ಟ ಹೊತ್ತಿದ್ದು ಅವರೇ, ಬಿತ್ತನೆಗೆ ದುಡ್ಡು ಹೊಂದಿಸಿದ್ದೂ ಅವರೇ. ನಾನು ನಾಲ್ಕು ದಿನ ಟೈಮ್ ಕೇಳಿದೆ. ಆ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಅಂದ್ರೆ ಸುಳ್ಳಲ್ಲ.

ಮೊದಲ ದಿನ ತೀರಾ ಮುತ್ತಿದ್ದ ಛತ್ರಿಗಳನ್ನ ಕೈಯಲ್ಲೇ ಕಿತ್ತು ಚೀಲಕ್ಕೆ ಹಾಕಿ ಹೊರಗೆ ಒಯ್ದು ಸುಟ್ಟೆವು. ನಾನು, ಅಮ್ಮ, ತಂಗಿ ಮೂರು ಜನ, ಅರ್ಧ ದಿನದ ಕೆಲಸ. ಆ ಸಂಜೆ ಸೂರ್ಯ ಮುಳುಗಿ ಜೇನೆಲ್ಲ ಗೂಡು ಸೇರಿದ ಮೇಲೆ, ಆ ಐದಾರು ಸಾಲಿಗೆ ಮಾತ್ರ ಬೇವಿನ ಔಷಧಿ ಹೊಡೆದೆ. ಹಿಂದಿನ ದಿನವೇ ಅಜ್ಜನಿಗೆ ಹೇಳಿದ್ದೆ. ಉಳಿದ ಹೊಲ ಮುಟ್ಟಲಿಲ್ಲ. ದಿನಾ ಒಂದೇ ಹತ್ತು ಗಿಡದ ಫೋಟೋ ತೆಗೆದೆ. ಮೂರನೇ ದಿನ ಹೇನಿನ ನಡುವೆ ಸಿರ್ಫಿಡ್ ಮರಿ, ಗುಲಗಂಜಿ ಹುಳದ ಮರಿ ಎರಡೂ ಚೆನ್ನಾಗಿ ಕಂಡವು. ನಾಲ್ಕನೇ ದಿನ ಅಪ್ಪನಿಗೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. "ಇನ್ನೊಂದು ವಾರ ನೋಡು" ಅಂದ್ರು. ಆ ವಾರ ಕಳೆಯೋ ಹೊತ್ತಿಗೆ ಹೇನು ಒಳಗಿನ ಸಾಲುಗಳಿಗೆ ದಾಟಲಿಲ್ಲ. ಅಂಚಿನ ಸಾಲುಗಳಲ್ಲಿ ಕಾಳು ಹೋಯ್ತು, ಅದನ್ನ ಮುಚ್ಚಿಡಲ್ಲ.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ಒಮ್ಮೊಮ್ಮೆ ಹೇನು ಕೈ ಮೀರಿ ಹೋಗುತ್ತೆ, ಹೊಡೆಯಲೇಬೇಕಾಗುತ್ತೆ. ಹಾಗೆ ಹೊಡೆಯೋದಾದರೆ ಹಗಲು ಬೇಡ, ಸೂರ್ಯ ಮುಳುಗಿದ ಮೇಲೆ. ಧೂಳೀಕರಿಸೋ ಪುಡಿ ಬೇಡ, ಅದು ಪರಾಗದ ಜೊತೆ ಜೇನಿನ ಮೈಗೆ ಅಂಟಿ ಗೂಡಿನವರೆಗೂ ಹೋಗುತ್ತೆ. ಕಂಡದ್ದನ್ನೆಲ್ಲ ಒಂದೇ ಟ್ಯಾಂಕಿಗೆ ಬೆರೆಸಬೇಡಿ. ಬೂದಿರೋಗಕ್ಕೆ ಗಂಧಕ ಹೊಡೆಯೋದಿದ್ದರೆ ರೋಗದ ಮೊದಲ ಬಿಳಿ ಚುಕ್ಕಿ ಕಂಡಾಗಲೇ, ಆದಷ್ಟು ಹೂವಿಗೆ ಮೊದಲೇ ಮುಗಿಸಿ. ಸುತ್ತ ಯಾರದ್ದಾದರೂ ಪೆಟ್ಟಿಗೆ ಇದ್ದರೆ ಒಂದು ದಿನ ಮೊದಲು ಹೇಳಿ. ಸ್ಪ್ರಿಂಕ್ಲರ್ ಇದ್ದೋರು ಹೂವಿನ ಕಾಲದಲ್ಲಿ ಮಧ್ಯಾಹ್ನದ ಹೊತ್ತು ನೀರು ಹಾರಿಸಬೇಡಿ, ಒದ್ದೆ ಹೂವಿಗೆ ಜೇನು ಬರಲ್ಲ.

ಗಿಡದೊಳಗೆ ಇಳಿಯೋ ಔಷಧಿಗಳ ವಿಷಯ ಬೇರೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದವನ್ನ ಸಂಜೆ ಹೊಡೆದರೂ ಕತೆ ಮುಗಿಯಲ್ಲ, ಅವು ಗಿಡದ ರಸದ ಜೊತೆ ಮಕರಂದಕ್ಕೂ ಪರಾಗಕ್ಕೂ ಬರ್ತವೆ. ಯುರೋಪಿನ ದೇಶಗಳ ಒಕ್ಕೂಟ 2018ರಲ್ಲಿ ಈ ಎರಡನ್ನೂ, ಜೊತೆಗೆ ಕ್ಲೋಥಿಯಾನಿಡಿನ್ ಅನ್ನೋದನ್ನೂ ಬಯಲಿನ ಬೆಳೆಗಳಿಗೆ ಬಳಸಬಾರದು ಅಂತ ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಹೂವು ಬಿಡೋ ಹೊತ್ತಿಗೆ ಅವುಗಳ ಹತ್ತಿರ ಹೋಗಬೇಡಿ.

ಇನ್ನೊಂದು ಮೋಸ ಡಬ್ಬಿಯ ಬಣ್ಣದ್ದು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತಲ್ಲ? 'ಇದು ನೀಲಿ ಕಣಪ್ಪ, ಏನಾಗಲ್ಲ' ಅಂತೀವಿ. ಆ ಬಣ್ಣ ಮನುಷ್ಯರಿಗೆ, ದನಕರುಗಳಂಥ ಪ್ರಾಣಿಗಳಿಗೆ ಎಷ್ಟು ವಿಷ ಅನ್ನೋದರ ಗುರುತು. ಜೇನಿಗೆ ಎಷ್ಟು ವಿಷ ಅನ್ನೋದನ್ನ ಅದು ಹೇಳೋದೇ ಇಲ್ಲ. ಅದಕ್ಕೆ ಒಳಗಿನ ಚೀಟಿ ಓದಬೇಕು. ಅಕ್ಷರ ಇರುವೆ ಸಾಲಿನಷ್ಟು ಸಣ್ಣ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅನುಮಾನ ಇದ್ದರೆ ನಮ್ಮ ಕಡೆಯವರು ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಹೋಗುವಾಗ ಹೇನಿರೋ ಒಂದು ಛತ್ರಿ ಕಿತ್ತುಕೊಂಡು ಹೋಗಿ, ಮೊದಲ ಮಾತಿಗೇ 'ಬೆಳೆ ಹೂವಲ್ಲಿದೆ' ಅನ್ನಿ.

ಮೆಂತ್ಯಕ್ಕೆ ಬೇಡ, ಸೋಂಪಿಗೆ ಬೇಕು

ಬೀಜ ಸಂಬಾರ ಬೆಳೆ ಅಂದ್ರೆ ರಾಜಸ್ಥಾನ, ಗುಜರಾತು. ಅದಕ್ಕೇ ರಾಷ್ಟ್ರೀಯ ಬೀಜ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವನ್ನ 2000ದಲ್ಲಿ ಅಜ್ಮೀರದಲ್ಲಿ ಶುರು ಮಾಡಿದ್ದು. ಜೀರಿಗೆಗೆ ಅಲ್ಲಿನಂಥ ಒಣ ಚಳಿ ಬೇಕು, ನಮ್ಮ ಕಡೆ ಆಸೆ ಪಡಬೇಡಿ. ಸೋಂಪು, ಓಂಕಾಳು, ಸಬ್ಬಸಿಗೆ ಬೀಜ ಇವೆಲ್ಲ ಕೊತ್ತಂಬರಿಯ ದಾಯಾದಿಗಳು. ಅವೇ ಛತ್ರಿ, ಅದೇ ಮೊದಲು ಗಂಡು ಆಮೇಲೆ ಹೆಣ್ಣು ಅನ್ನೋ ಕ್ರಮ. ಸೋಂಪಿಗಂತೂ ಕೊತ್ತಂಬರಿಗಿಂತ ಹೆಚ್ಚಾಗಿ ಹುಳ ಬೇಕು.

ಮೆಂತ್ಯ ಮಾತ್ರ ಬೇರೆ ಮನೆತನ, ಅವರೆ ಬಟಾಣಿಗಳ ಕಡೆಯದು. ಹೂವು ಬಿಚ್ಚೋ ಮೊದಲೇ ಒಳಗೇ ಕೆಲಸ ಮುಗಿಸಿಕೊಳ್ಳೋದು ಅದರ ಸ್ವಭಾವ. ಜೇನು ಬರದಿದ್ದರೂ ಕಾಯಿ ಕಟ್ಟುತ್ತೆ. ಹಾಗಾಗಿ ಮೆಂತ್ಯ ಚೆನ್ನಾಗಿ ಬಂದಿದ್ದನ್ನ ನೋಡಿ ಕೊತ್ತಂಬರಿಗೂ ಹುಳ ಬೇಡ ಅಂದುಕೊಳ್ಳಬೇಡಿ.

ಬೀಜ ಉಳಿಸಿಕೊಳ್ಳೋರಿಗೆ ಒಂದು ಮಾತು. ಹುಳ ಪರಾಗ ಹೊರುತ್ತೆ ಅಂದ್ರೆ ಪಕ್ಕದ ಹೊಲದ ತಳಿಯದ್ದೂ ಹೊರುತ್ತೆ. ಮನೆಯ ಹಳೇ ಸಣ್ಣಕಾಳಿನ ಘಮದ ತಳಿ ಉಳಿಯಬೇಕು ಅಂತಿದ್ದರೆ ಬೇರೆ ತಳಿಯಿಂದ ಸಾಕಷ್ಟು ದೂರ ಬಿತ್ತಿ, ಇಲ್ಲ ಹೂವಿನ ಕಾಲ ಹಿಂದೆಮುಂದೆ ಆಗೋ ಹಾಗೆ ಬಿತ್ತಿ.

ನಂಬಿಕೆ ಬರದಿದ್ದರೆ ಸೊಳ್ಳೆ ಪರದೆ

ಅಪ್ಪನಿಗೆ ತೋರಿಸೋಕೆ ಈ ಸಲ ಇನ್ನೊಂದು ಮಾಡಿದೆ. ಹಳೇ ಸೊಳ್ಳೆ ಪರದೆ ಕತ್ತರಿಸಿ, ನಾಲ್ಕು ಕೋಲು ನೆಟ್ಟು, ಮೊಗ್ಗಿರುವಾಗಲೇ ಒಂದು ಮೀಟರ್ ಜಾಗ ಪೂರ್ತಿ ಮುಚ್ಚಿದೆ. ಪರದೆಯ ನೆರಳಿಗೇ ಕಾಳು ಕಮ್ಮಿಯಾಯ್ತು ಅಂತ ಆಮೇಲೆ ಮಾತು ಬರಬಾರದಲ್ಲ, ಅದಕ್ಕೆ ಪಕ್ಕದಲ್ಲೇ ಇನ್ನೊಂದು ಮೀಟರಿಗೂ ಪರದೆ ಹಾಕಿ ಎರಡು ಬದಿ ತೆರೆದಿಟ್ಟೆ. ಕಾಳು ಕಟ್ಟಿದ ಮೇಲೆ ಎರಡನ್ನೂ ಬೇರೆ ಬೇರೆ ಬಡಿದು, ಬೇರೆ ಬೇರೆ ಮೊರದಲ್ಲಿ ಅಮ್ಮನ ಕೈಗೆ ಕೊಟ್ಟೆ, ಯಾವುದು ಯಾವುದು ಅಂತ ಹೇಳದೆ.

ಅಮ್ಮ ಎರಡು ಸಲ ಕೇರಿ, ಮುಚ್ಚಿದ್ದ ಜಾಗದ ಮೊರ ನೋಡಿ "ಇದು ಯಾರ ಹೊಲದ್ದೋ? ಹೋದ ಸಲದ ನಮ್ಮದರ ಹಾಗಿದೆ" ಅಂದಳು. ಅಪ್ಪ ಅಲ್ಲೇ ಕೂತಿದ್ರು.

ಒಟ್ಟು ಹೊಲಕ್ಕೆ ಈ ಸಲ ಐದು ಕ್ವಿಂಟಾಲಿಗೆ ಹತ್ತು ಕೆಜಿ ಕಮ್ಮಿ ಬಂತು. ಮಂಜೂ ಕಮ್ಮಿ ಇತ್ತು, ಬಿತ್ತಿದ್ದೂ ಹೊತ್ತಿಗೆ ಸರಿಯಾಗಿ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಮೊದಲ ಐದು ಕೆಜಿ ಅಳೆದು ಅಜ್ಜನ ಮನೆಗೆ ಕೊಟ್ಟು ಬಂದೆ. ಅಜ್ಜನ ಹತ್ತಿರ ಇರೋದು ಬಟನ್ ಫೋನು, ವಾಟ್ಸಾಪ್ ಇಲ್ಲ. ಹಾಗಾಗಿ ಔಷಧಿ ವಿಷಯ ಇದ್ದಾಗೆಲ್ಲ ಹಿಂದಿನ ಸಂಜೆ ನಾನೇ ಕಾಲ್ ಮಾಡ್ತೀನಿ. ಮುಂದಿನ ಅಕ್ಟೋಬರಿಗೆ ಒಂದು ಕುಟುಂಬ ಪಾಲು ಮಾಡಿ ನಮ್ಮ ರಸ್ತೆ ಕಡೆ ಬದುವಿಗೇ ಒಂದು ಪೆಟ್ಟಿಗೆ ಇಡ್ತೀನಿ ಅಂದಿದ್ದಾರೆ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡೋದು ನನ್ನ ಪಾಲಿನ ಕೆಲಸವಂತೆ.